ಆಡು ಮೂಸಿ ಬಿಟ್ಟ ಬೇಲಿ

ಹಿಟ್ನಾಳದ ಹತ್ತಿರ ಹೆದ್ದಾರಿಯ ಬದಿಗೆ, ಹಸಿರು ಬಲೆಯ ನೆರಳಿನಲ್ಲಿ, ಮಕ್ಬುಲಸಾಬನ ನರ್ಸರಿ ಇದೆ. ಬೋರ್ಡು ಇಲ್ಲ. ಮೊದಲೊಂದು ಇತ್ತು, ಗಾಳಿಗೆ ಹಾರಿಹೋಯಿತು, ಮತ್ತೆ ಬರೆಸುವ ಗೋಜಿಗೆ ಅವನು ಹೋಗಲಿಲ್ಲ. ಆಡಿನ ಸಾಬನ ನರ್ಸರಿ ಎಂದು ಕೇಳಿದರೆ ಗಂಗಾವತಿ ಬಸ್ಸಿನ ಕಂಡಕ್ಟರ್ ಕೂಡ ಸೀಟಿ ಊದಿ ಅಲ್ಲೇ ಇಳಿಸುತ್ತಾನೆ.

ಆ ಹೆಸರಿಗೆ ಕಾರಣವಿದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ಬೇರೆ ಊರಿನವರಿಗೆ ಬರೀ ಗಾದೆ. ಕೊಪ್ಪಳದ ಓಣಿಯಲ್ಲಿ ಮನೆ ಮುಂದೆ ನಾಲ್ಕು ಗಿಡ ಹಚ್ಚಿದವರಿಗೆ ಅದು ದಿನದ ಗೋಳು. ಗುಲಾಬಿ ಮೊಗ್ಗು ಬಿಟ್ಟಿತೆಂದು ಹಿಗ್ಗಿ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಬರೀ ಕಡ್ಡಿ ನಿಂತಿರುತ್ತದೆ. ಇದಕ್ಕೆ ಮಕ್ಬುಲಸಾಬ ಒಂದು ಉಪಾಯ ಕಂಡುಕೊಂಡಿದ್ದ. ನರ್ಸರಿಯಲ್ಲಿ ಒಂದು ಕರಿ ಆಡು ಸಾಕಿದ್ದ, ಅದರ ಹೆಸರು ಸಾಹೇಬ. ಬೇಲಿಗೆ ಗಿಡ ಕೇಳಿಕೊಂಡು ಯಾರಾದರೂ ಬಂದರೆ ಸಾಹೇಬನ ಹಗ್ಗ ಬಿಚ್ಚಿ ಗಿಡದ ಹತ್ತಿರ ಎಳೆದು ತರುತ್ತಿದ್ದ. ಅದು ಮೂಸಿ ನೋಡಿ ಮುಖ ತಿರುಗಿಸಿತೆಂದರೆ ಮುಗಿಯಿತು. "ಸಾಹೇಬರ ಸಹಿ ಬಿತ್ತ ನೋಡ್ರಿ" ಎಂದು ನಗುತ್ತ ಗಿಡವನ್ನು ಗಿರಾಕಿಯ ಕೈಗೆ ಕೊಡುತ್ತಿದ್ದ.

ಆಡು ಬೇಡವೆಂದದ್ದು ಯಾಕೆ ಬೇಡವೆಂದಿತು ಎಂದು ಅರವತ್ತು ದಾಟಿದ ಆ ಮನುಷ್ಯ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಆಡಿಗಿದ್ದ ಬುದ್ಧಿ ಆಡಿನ ಸಾಬನಿಗೆ ಇರಲಿಲ್ಲ.

ಸಾಹೇಬ ತಪ್ಪದೆ ಮುಖ ತಿರುಗಿಸುತ್ತಿದ್ದದ್ದು ಕಾಡೌಡಲ ಎಂಬ ಕಾಡುಹರಳಿನ ಗಿಡಕ್ಕೆ. ಟೊಂಗೆ ಮುರಿದು ನೆಟ್ಟರೆ ಸಾಕು ಬೇರು ಬಿಡುತ್ತದೆ, ನೀರು ಕೇಳುವುದಿಲ್ಲ, ಎರಡು ಮಳೆಗಾಲದಲ್ಲಿ ಎದೆಯೆತ್ತರ ಬೆಳೆದು ನಿಲ್ಲುತ್ತದೆ. ಬೇವೂರಿನ ಹೊಲಗಳಿಗೆ, ನವಲಿಯ ಅಂಗಳಗಳಿಗೆ, ಕುಷ್ಟಗಿ ರಸ್ತೆಯ ಗೋದಾಮುಗಳಿಗೆಲ್ಲ ಅವನು ಅದರದೇ ಬೇಲಿ ಕಟ್ಟಿಕೊಟ್ಟಿದ್ದ. ಕೊಪ್ಪಳದಲ್ಲಿ ಪಂಪಾಪತಿ ಮಾಸ್ತರರ ಹಳೆಯ ಮನೆಗೂ ಅದನ್ನೇ ಹಚ್ಚಿದ. ಮಾಸ್ತರರ ಹೆಂಡತಿ ಲಲಿತಾ ಅವತ್ತು ಸೊಂಟದ ಮೇಲೆ ಮಗಳನ್ನು ಎತ್ತಿಕೊಂಡು ಬಂದು ನಿಂತು ಕೇಳಿದ್ದಳು.

"ಸಾಬ್ರ, ಸಣ್ಣ ಕೂಸಿರೋ ಮನಿ ಐತಿ. ಈ ಗಿಡದಿಂದ ಏನೂ ತ್ರಾಸ ಆಗಂಗಿಲ್ಲ ಹೌದಲ್ರಿ?"

"ಆಡ ಮುಟ್ಟದ್ದನ್ನ ಮಕ್ಕಳು ಯಾಕ ಮುಟ್ಟತಾವ್ರಿ ಅಮ್ಮಾರ? ಫಿಕರ್ ಬಿಡ್ರಿ."

ಈ ಒಂದು ಮಾತು. ಇದನ್ನು ಅವನು ಮುಂದೆ ಎಷ್ಟು ಸಲ ನೆನೆಸಿಕೊಂಡನೋ ಅವನಿಗೇ ಲೆಕ್ಕವಿಲ್ಲ.

ಬೇಲಿ ಬೆಳೆಯಿತು, ಮಗಳು ಗವಿಶ್ರೀಯೂ ಬೆಳೆದು ಐದು ವರ್ಷದವಳಾದಳು. ಮಕ್ಬುಲಸಾಬ ವಾರಕ್ಕೊಮ್ಮೆ, ಗುರುವಾರ, ಗಿಡಗಳನ್ನು ನೋಡಲು ಬರುತ್ತಿದ್ದ. ಹುಡುಗಿ ಅವನ ಹಿಂದೆಯೇ ಸುತ್ತುತ್ತಿದ್ದಳು. ಒಂದು ಗುರುವಾರ ಅವಳನ್ನು ನಗಿಸಲೆಂದು ಅವನು ತನ್ನ ಬಾಲ್ಯದ ಆಟವೊಂದನ್ನು ಕಲಿಸಿದ. ಕಾಡೌಡಲದ ಎಳೆ ಕಡ್ಡಿಯನ್ನು ಅರ್ಧ ಮುರಿದು ಬಗ್ಗಿಸಿದರೆ ಆ ಸೀಳಿನಲ್ಲಿ ಅದರ ಹಾಲು ತೆಳ್ಳಗೆ ಪರದೆ ಕಟ್ಟುತ್ತದೆ. ಮೆಲ್ಲಗೆ ಊದಿದರೆ ಸೋಪಿನ ಗುಳ್ಳೆಯಂತೆ ಬಣ್ಣಬಣ್ಣದ ಗುಳ್ಳೆ ಹಾರುತ್ತದೆ. ಗವಿಶ್ರೀ ಚಪ್ಪಾಳೆ ತಟ್ಟಿ ಕುಣಿದಳು. ಅಂದಿನಿಂದ ಆ ಬೇಲಿಯ ಬುಡವೇ ಅವಳ ಆಟದ ಜಾಗವಾಯಿತು. ಅದುವರೆಗೆ ಆಕೆ ಆ ಕಡೆ ಹೋಗುತ್ತಲೇ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ, ಅವನೊಬ್ಬನನ್ನು ಬಿಟ್ಟು.

ತಿಂಗಳೊಪ್ಪತ್ತಿಗೆ ಒಂದು ಬುಧವಾರ ಮಧ್ಯಾಹ್ನ ಹುಡುಗಿಗೆ ವಾಂತಿ ಹತ್ತಿತು. ವಾಂತಿಯ ಹಿಂದೆಯೇ ಭೇದಿ. ಸಂಜೆಗೆ ಕಣ್ಣು ಗುಳಿ ಬಿದ್ದು ಕೈಕಾಲು ತಣ್ಣಗಾದವು. ಮೊದಲು ಊರ ದವಾಖಾನೆ, ಅಲ್ಲಿಂದ ಹುಬ್ಬಳ್ಳಿ, ನಾಲ್ಕು ದಿನ ಸಲಾಯಿನ್. ಗಿಡಗಂಟಿ ಏನಾದರೂ ಹೊಟ್ಟೆಗೆ ಹೋಗಿದೆಯೇ ಎಂದು ಡಾಕ್ಟರು ಕೇಳಿದಾಗ ಮಾಸ್ತರರ ತಾಯಿ ಅನ್ನಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಕೆಮ್ಮು ಆಗಿತ್ತ್ರಿ. ಮುಂಜಾನೆ ಆಡುಸೋಗಿ ಎಲಿ ಕುದಿಸಿ ಕಷಾಯ ಕುಡಿಸಿದ್ದೆ." ತನ್ನ ಮಕ್ಕಳಿಗೆಲ್ಲ ಅದನ್ನೇ ಕುಡಿಸಿ ದೊಡ್ಡವರನ್ನಾಗಿ ಮಾಡಿದ ಮುದುಕಿ ಅವಳು. ಬೇರೆ ಯಾವ ಕಾರಣವೂ ಕಣ್ಣಿಗೆ ಕಾಣಲಿಲ್ಲವಾದ್ದರಿಂದ ತಪ್ಪು ಕಷಾಯದ ಮೇಲೆ ಹೋಯಿತು, ಕಷಾಯದಿಂದ ಮುದುಕಿಯ ಮೇಲೆ ಬಂತು.

ವಾಂತಿ ಹತ್ತಿದ ಮಾರನೆಯ ದಿನ ಗುರುವಾರ. ಎಂದಿನಂತೆ ಮಕ್ಬುಲಸಾಬ ಬಂದ. ಮನೆಗೆ ಬೀಗ. ಪಕ್ಕದ ಮನೆಯವರು ಹೀಗೀಗೆ ಎಂದು ಹೇಳಿದರು. ಪಾಪ ಎನ್ನುತ್ತಲೇ ಬೇಲಿಯ ಕಡೆ ನಡೆದವನಿಗೆ ಬುಡದಲ್ಲಿ ಗವಿಶ್ರೀಯ ಅಡುಗೆಯಾಟದ ಪುಟ್ಟ ಗುಂಡಗಿಗಳು ಕಂಡವು. ಮೂರು ಕಲ್ಲಿನ ಒಲೆ, ಅದರ ಮೇಲೆ ಅಂಗೈಯಷ್ಟು ಪಾತ್ರೆ. ಪಾತ್ರೆಯಲ್ಲಿ ಕಾಡೌಡಲದ ಬೀಜ. ಕರಿ ಸಿಪ್ಪೆಯನ್ನು ಬಲು ಜತನದಿಂದ ಸುಲಿದು ಒಳಗಿನ ಬಿಳಿ ತಿರುಳನ್ನು ಇಬ್ಭಾಗ ಮಾಡಿ ಇಟ್ಟಿದ್ದಳು. ಕೆಲವು ತುಂಡುಗಳ ಮೇಲೆ ಸಣ್ಣ ಹಲ್ಲಿನ ಗುರುತು. ಆ ತಿರುಳಿನ ರುಚಿ ಶೇಂಗಾದ ಹಾಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹುಡುಗನಾಗಿದ್ದಾಗ ಅವನೂ ಒಂದು ತಿಂದು ಎರಡು ದಿನ ಮಲಗಿದ್ದ. ಗೊತ್ತಿದ್ದೂ ಮರೆತಿದ್ದ.

ಅಲ್ಲಿಯೇ ಹುಬ್ಬಳ್ಳಿಗೆ ಫೋನು ಮಾಡಬಹುದಿತ್ತು. ಮಾಸ್ತರರ ನಂಬರು ಅವನ ಫೋನಿನಲ್ಲೇ ಇತ್ತು. ಅವನು ಮಾಡಿದ್ದು ಬೇರೆ. ಬೀಜಗಳನ್ನೆಲ್ಲ ಬಳಿದು ಗಟಾರಕ್ಕೆ ಚೆಲ್ಲಿದ. ಗುಂಡಗಿಗಳನ್ನು ನಳದ ಕೆಳಗೆ ತಿಕ್ಕಿ ತೊಳೆದು ತುಳಸಿಕಟ್ಟೆಯ ಹಿಂದೆ ಬೋರಲು ಹಾಕಿದ. ಕೂಸು ಉಳಿದು ಮನೆಗೆ ಬಂದ ವಾರಕ್ಕೆ, ಬೇಲಿಗೆ ರೋಗ ಬಿದ್ದಿದೆ ಎಂದು ಸುಳ್ಳು ಹೇಳಿ ಬುಡಸಮೇತ ಕಿತ್ತುಹಾಕಿ, ಅಲ್ಲಿ ಬೇರೆ ಗಿಡ ಹಚ್ಚಿಕೊಟ್ಟ. "ಇಂಥ ಪ್ರಾಮಾಣಿಕ ಮನಶ್ಯಾ ಈಗಿನ ಕಾಲದಾಗ ಎಲ್ಲಿ ಸಿಗತಾನ" ಎಂದು ಮಾಸ್ತರರು ಶಾಲೆಯಲ್ಲಿ ನಾಲ್ಕು ಜನರ ಮುಂದೆ ಹೊಗಳಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿ ಕಟ್ಟಿದವನಿಗೆ ಹೊಗಳಿಕೆ ಸಿಕ್ಕಿತ್ತು. ಆ ಹೊಗಳಿಕೆ ಕಿವಿಗೆ ಬಿದ್ದ ದಿನ ಅವನಿಗೆ ಊಟ ಸೇರಲಿಲ್ಲ.

ನೆನಪಿದ್ದ ಕಡೆಗಳಿಗೆಲ್ಲ ಹೋಗಿ ಮಕ್ಕಳಿರುವ ಮನೆಗಳ ಕಾಡೌಡಲವನ್ನು ಕಿತ್ತು ಬಂದ. ನರ್ಸರಿಯಲ್ಲಿ ಅದರ ಒಂದು ಕಡ್ಡಿಯನ್ನೂ ಉಳಿಸಲಿಲ್ಲ. ಸಾಹೇಬನ ಸಹಿ ನಿಂತುಹೋಯಿತು. ಈಗ ಮಕ್ಕಳ ಮನೆಗೆ ಗಿಡ ಕೊಡುವ ಮುಂಚೆ ಅವನೇ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಜಗಿದು ತೋರಿಸುತ್ತಾನೆ. ತಿನ್ನಲಾಗದ ಗಿಡವನ್ನು ಅಂಥ ಮನೆಗೆ ಕೊಡುವುದೇ ಇಲ್ಲ. "ಆಡ ಮುದಿ ಆತು, ಈಗ ಸಾಬನ ಆಡಾಗ್ಯಾನ" ಎಂದು ಗಿರಾಕಿಗಳು ನಗುತ್ತಾರೆ. ಅವನೂ ಹಲ್ಲು ಕಿರಿಯುತ್ತಾನೆ. ಇಷ್ಟೆಲ್ಲ ಮಾಡಿದವನಿಗೆ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಅವನ ಹೆಂಡತಿ ಜೋಹರಾಬಿಗೆ ಎಲ್ಲ ಗೊತ್ತು. ಆಕೆ ಮಾತಿಗೆ ಮುಲಾಜು ಇಟ್ಟವಳಲ್ಲ. "ಉಪ್ಪು ತಿಂದವರು ನೀವು. ಎರಡ ವರ್ಷದಿಂದ ನೀರು ಕುಡಿಯಾಕತ್ತಾಕಿ ಆ ಅನ್ನಮ್ಮ" ಎನ್ನುತ್ತಾಳೆ, ಚೀಲಕ್ಕೆ ಮಣ್ಣು ತುಂಬುತ್ತ.

ಈ ವರ್ಷ ಪಂಪಾಪತಿ ಮಾಸ್ತರರು ಗಂಗಾವತಿ ರಸ್ತೆಯ ಕಡೆ ಹೊಸ ಮನೆ ಕಟ್ಟಿಸಿದರು. ಮನೆಯ ಪಕ್ಕ ಮೂರು ಗುಂಟೆಗೆ ಕಡಿಮೆಯಿಲ್ಲದ ಖಾಲಿ ಜಾಗ. ಗವಿಶ್ರೀಗೆ ಈಗ ಏಳು ವರ್ಷ, ಅವಳ ತಮ್ಮ ಈಗಷ್ಟೇ ನಡೆಯಲು ಕಲಿತಿದ್ದಾನೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಕ್ಕಳು ಬಿದ್ದು ಎದ್ದು ಆಡಲು ಒಂದು ತೋಟ ಆಗಬೇಕು, ಪಂಚಮಿ ಹಬ್ಬಕ್ಕೆ ಜೋಕಾಲಿ ಕಟ್ಟಬೇಕು ಎಂದು ಲಲಿತಾ ಹಟ ಹಿಡಿದಳು. ಯಾರನ್ನು ಕರೆಯಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. "ಸಾಬ್ರನ್ನ ಬಿಟ್ಟು ಬ್ಯಾರೆ ಯಾರ ಮ್ಯಾಲೂ ನನಗ ನಂಬಿಕಿ ಇಲ್ರಿ" ಎಂದು ಫೋನಿನಲ್ಲಿ ಅವಳೇ ಹೇಳಿದಳು. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದ ಮಕ್ಬುಲಸಾಬ "ಬರ್ತೀನ್ರಿ ಅಮ್ಮಾರ" ಎಂದುಬಿಟ್ಟ.

ಹೋದವನು ಮೊದಲು ಮಾಡಿದ ಕೆಲಸ ನೋಡಿ ಮಾಸ್ತರರಿಗೆ ನಗು ಬಂತು. ಬಿಳಿ ಪೈಜಾಮ ಮೇಲಕ್ಕೆತ್ತಿ, ಮೊಣಕಾಲೂರಿ, ಕೂಸಿನ ಹಾಗೆ ಇಡೀ ಜಾಗವನ್ನು ಅಂಬೆಗಾಲಿನಲ್ಲಿ ಸುತ್ತಿದ. ಆ ಎತ್ತರಕ್ಕೆ ಏನೇನು ಕಾಣುತ್ತದೆ, ಏನೇನು ಕೈಗೆ ಸಿಗುತ್ತದೆ ಎಂದು ನೋಡಿದ. ನಿಂತವರಿಗೆ ಕಾಣದ್ದೆಲ್ಲ ಅವನಿಗೆ ಕಂಡಿತು. ನೀರಿನ ಟಾಕಿಯ ಮುಚ್ಚಳಕ್ಕೆ ಕೀಲಿ ಇಲ್ಲ, ಕಟ್ಟೆಯ ಕಲ್ಲಿನ ಮೂಲೆ ಚೂಪಾಗಿದೆ, ಗಾರೆ ಕೆಲಸದವರು ಬಿಟ್ಟುಹೋದ ಮೊಳೆ ಮಣ್ಣಿನಲ್ಲಿದೆ. ಮೊಳೆಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು ಎದ್ದು, ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದ.

ಇಲ್ಲಿ ಉಸುಕಿನ ಗುಂಡಿ, ಮೊಣಕಾಲುದ್ದ ಸಾಕು, ಬೆಕ್ಕು ಹೊಲಸು ಮಾಡದಂತೆ ಮೇಲೆ ಬಲೆ. ಇಲ್ಲಿ ಜೋಕಾಲಿ, ಕಬ್ಬಿಣದ ಕಂಬಕ್ಕೆ ಟ್ರ್ಯಾಕ್ಟರಿನ ಹಳೆ ಟೈರು, ಕೆಳಗೆ ಹಾಸುಗಲ್ಲು ಬೇಡ, ಅಗೆದು ಸಡಿಲು ಮಾಡಿ ಉಸುಕು ತುಂಬಬೇಕು. ಅಲ್ಲಿ ಪ್ಯಾರಲ ಹಣ್ಣಿನ ಗಿಡ, ಟೊಂಗೆ ಕೆಳಗೇ ಒಡೆಯುವಂತೆ ಬೆಳೆಸಿದರೆ ನಾಲ್ಕು ವರ್ಷಕ್ಕೆ ಹತ್ತಲು ಬರುತ್ತದೆ. ಬೇಲಿಗೆ ಮದರಂಗಿ, ಅದರ ಹೊರಗೆ ತಂತಿ ಜಾಳಿಗೆ. ಆಡು ಬಂದರೆ ಜಾಳಿಗೆ ನೋಡಿಕೊಳ್ಳುತ್ತದೆ.

"ಇಲ್ಲೊಂದು ಕಲ್ಲಿನ ಬೆಂಚು ಹಾಕೋಣ್ರಿ. ಅಕ್ಕಾರು ಕುಂತ್ರ ಎಲ್ಲಾ ಮೂಲಿ ಕಾಣತೈತಿ" ಎಂದ, ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ಅನ್ನಮ್ಮನ ಕಡೆ ನೋಡದೆಯೇ.

"ಬ್ಯಾಡ್ರಿ" ಎಂದಳು ಲಲಿತಾ ಮೆಲುದನಿಯಲ್ಲಿ. "ಅತ್ತಿಯವರ ಜೋಡಿ ಮಕ್ಕಳನ್ನಷ್ಟ ಬಿಡಂಗಿಲ್ರಿ ನಾವು. ನಿಮಗ ಗೊತ್ತೈತೆಲ್ಲ."

ಲಲಿತಾ ಕೆಟ್ಟವಳಲ್ಲ. ಅತ್ತೆಗೆ ಒಂದು ದಿನವೂ ದನಿ ಎತ್ತಿ ಮಾತಾಡಿದವಳಲ್ಲ. ಮಗಳ ಕಣ್ಣುಗುಡ್ಡೆ ಮೇಲಾದದ್ದನ್ನು ಒಮ್ಮೆ ನೋಡಿದ ತಾಯಿ ಅವಳು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆ ಇತ್ತು. ಅನ್ನಮ್ಮ ಅಡುಗೆ ಮಾಡಬಹುದು, ಉಂಡಿ ಕಟ್ಟಬಹುದು, ಆದರೆ ಮಕ್ಕಳ ಬಾಯಿಗೆ ತನ್ನ ಕೈಯಿಂದ ಏನನ್ನೂ ಕೊಡುವಂತಿಲ್ಲ. ಕೊಡುವುದು ಲಲಿತಾ. ಮಕ್ಬುಲಸಾಬ ಸುಣ್ಣದ ಡಬ್ಬಿ ಹಿಡಿದು ತಲೆ ಬಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗತಿ ಅವನದು, ಮುದುಕಿ ಕೆಮ್ಮಿದರೂ ತನ್ನನ್ನೇ ಕೇಳಿದ ಹಾಗಾಗುತ್ತಿತ್ತು.

ಅಷ್ಟರಲ್ಲಿ ಗವಿಶ್ರೀ ಓಡಿ ಬಂದಳು. "ಮಕ್ಬುಲಜ್ಜ, ನನಗ ಅಡಿಗಿ ಆಟಕ್ಕ ಒಂದು ಮೂಲಿ ಬೇಕು! ಒಲಿ ಹಚ್ಚಾಕ ಜಾಗ ಇರಬೇಕು!"

ಸುಣ್ಣದ ಗೆರೆ ಅಲ್ಲಿ ಸೊಟ್ಟಗಾಯಿತು. ಅವನು ಒರೆಸಿ ಮತ್ತೆ ಎಳೆದ.

ಆ ಮೂಲೆಗೆ ಅವನು ಬಳಸಿದಷ್ಟು ತಲೆಯನ್ನು ಜನ್ಮದಲ್ಲಿ ಯಾವುದಕ್ಕೂ ಬಳಸಿರಲಿಲ್ಲ. ಕೊಪ್ಪಳದ ಕಲ್ಲಿನವರಿಂದ ಅಂಚು ಉರುಟು ಮಾಡಿಸಿದ ಹಾಸುಗಲ್ಲು ತಂದ. ಸುತ್ತ ಪುದೀನಾ, ದೊಡ್ಡಪತ್ರೆ, ಬಸಳೆ, ದಾಸವಾಳ, ನಾಟಿ ಗುಲಾಬಿಯಲ್ಲಿ ಮುಳ್ಳು ಕಡಿಮೆಯಿದ್ದದ್ದು. ಈ ಮೂಲೆಯಲ್ಲಿ ಮಗು ಯಾವ ಎಲೆ, ಯಾವ ಹೂವು, ಯಾವ ಕಾಯಿ ಬಾಯಿಗೆ ಹಾಕಿಕೊಂಡರೂ ಏನೂ ಆಗಬಾರದು. ಒಂದೊಂದನ್ನೂ ನರ್ಸರಿಯಲ್ಲಿ ಜಗಿದು ನೋಡಿಯೇ ಗಾಡಿಗೆ ಏರಿಸಿದ. ಜೋಹರಾಬಿ ನೋಡುತ್ತ ನಿಂತಿದ್ದಳು. "ಎಲ್ಲಾ ಎಲಿ ತಿಂದ್ರಿ. ಒಂದ ಮಾತು ಮಾತ್ರ ನುಂಗಿ ಇಟ್ಟೀರಿ" ಎಂದಳು. ಅವನು ಗಾಡಿ ಹತ್ತಿದ.

ಪಂಚಮಿಗೆ ಎರಡು ದಿನ ಇತ್ತು. ಗಿಡ ಹಚ್ಚುವ ದಿನ. ಕುಣಿಗಳೆಲ್ಲ ತೋಡಿ ಆಗಿತ್ತು, ಅರ್ಧ ಗಿಡ ನೆಟ್ಟಾಗಿತ್ತು. ಟೈರಿನ ಜೋಕಾಲಿಯಲ್ಲಿ ಕೂತು ಮಾಸ್ತರರೇ ಒಮ್ಮೆ ಜೀಕಿ ಕಂಬ ಗಟ್ಟಿಯಾಗಿದೆಯೇ ಎಂದು ನೋಡಿದ್ದರು. ಒಳಗಿನಿಂದ ಶೇಂಗಾ ಉಂಡಿ ಕಟ್ಟುವ ಬೆಲ್ಲದ ವಾಸನೆ ಬರುತ್ತಿತ್ತು. ಉಂಡಿ ಮುಗಿಸಿ ಅನ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹಾಸುಗಲ್ಲಿನ ಮೇಲೆ ಗವಿಶ್ರೀ ಆಗಲೇ ಸಂಸಾರ ಹೂಡಿದ್ದಳು. ಅದೇ ಗುಂಡಗಿಗಳು. ಮಕ್ಬುಲಸಾಬ ಅವನ್ನು ನೋಡಿ ಬೇರೆ ಕಡೆ ತಿರುಗಿದ.

"ಅಜ್ಜಿ, ಊಟಕ್ಕ ಬಾ" ಎಂದು ಹುಡುಗಿ ಎಲೆಯೊಂದರ ಮೇಲೆ ಮಣ್ಣಿನ ಅನ್ನ ಬಡಿಸಿದಳು. ಅನ್ನಮ್ಮ ಕಷ್ಟಪಟ್ಟು ಕೂತು ಉಂಡ ಹಾಗೆ ಮಾಡಿದಳು, ತೇಗಿದಳು, ಹುಡುಗಿ ಬಿದ್ದು ಬಿದ್ದು ನಕ್ಕಳು. ಆ ನಗುವಿನ ಭರದಲ್ಲಿ ಮುದುಕಿಗೆ ಮೈಮರೆಯಿತು. ಪಕ್ಕದ ಪುದೀನಾದಿಂದ ಒಂದು ಎಲೆ ಚಿವುಟಿ, "ತಗೋ, ನಂದೂ ಒಂದು ತುತ್ತು ನಿನಗ" ಎಂದು ಮೊಮ್ಮಗಳ ಬಾಯಿಯ ಹತ್ತಿರ ಹಿಡಿದಳು.

ಹುಡುಗಿ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು. "ಬ್ಯಾಡ ಅಜ್ಜಿ. ನೀ ಕೊಟ್ಟಿದ್ದು ನಾ ತಿನ್ನಂಗಿಲ್ಲ."

ಅನ್ನಮ್ಮನ ಕೈ ಅಲ್ಲೇ ನಿಂತಿತು. "ಹೌದವ್ವ, ಮರತಿದ್ದೆ" ಎಂದಳು. "ತಿನಬ್ಯಾಡ. ನನ್ನ ಕೈ ಛಲೋ ಇಲ್ಲ." ಎಲೆಯನ್ನು ಮಣ್ಣಿಗೆ ಹಾಕಿ, ಆ ಕೈಯನ್ನು ಇನ್ನೊಂದು ಕೈಯಿಂದ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಮಕ್ಬುಲಸಾಬನ ಕೈಯಿಂದ ಸಲಿಕೆ ಬಿತ್ತು. ಎರಡು ವರ್ಷ ಅವನು ತನ್ನಷ್ಟಕ್ಕೆ ಒಂದು ಸಮಾಧಾನ ಹೇಳಿಕೊಂಡಿದ್ದ. ಮುದುಕಿಯನ್ನು ಯಾರೂ ಬೈದಿಲ್ಲ, ಹೊರಗೆ ಹಾಕಿಲ್ಲ, ಆಗಿದ್ದು ಆಗಿಹೋಯಿತು. ಆದರೆ ಅವಳೇ ಅದನ್ನು ನಂಬಿಬಿಟ್ಟಿದ್ದಾಳೆ, ಮೊಮ್ಮಗಳಿಗೆ ವಿಷ ಕೊಟ್ಟ ಕೈ ತನ್ನದೆಂದು ದಿನಾ ಅದೇ ಕೈಯಿಂದ ಉಣ್ಣುತ್ತಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಸರ್ರ" ಎಂದು ಕೂಗಿದ. "ಅಮ್ಮಾರ, ನೀವೂ ಬರ್ರಿ ಇಲ್ಲಿ. ಅಕ್ಕಾರ ಕಷಾಯದಿಂದ ಆಗಿದ್ದಲ್ಲರಿ ಅದು. ನನ್ನ ಬೇಲಿಯಿಂದ ಆಗಿದ್ದು."

ಎಲ್ಲ ಹೇಳಿದ. ಗುಳ್ಳೆಯ ಆಟ ಕಲಿಸಿದ್ದು, ಗುಂಡಗಿಯಲ್ಲಿ ಬೀಜ ಕಂಡದ್ದು, ತೊಳೆದಿಟ್ಟದ್ದು, ರೋಗ ಬಿದ್ದಿದೆ ಎಂದು ಸುಳ್ಳು ಹೇಳಿ ಬೇಲಿ ಕಿತ್ತದ್ದು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ, ತನ್ನ ಮಣ್ಣಾದ ಕಾಲನ್ನೇ ನೋಡುತ್ತಿದ್ದ.

"ಪಾಯಸ" ಎಂದಳು ಲಲಿತಾ, ಯಾರಿಗೋ ಹೇಳುವಂತೆ. "ದವಾಖಾನ್ಯಾಗ ಕೂಸು ನಾ ಪಾಯಸ ಮಾಡೀನಿ, ಪಾಯಸ ಮಾಡೀನಿ ಅಂತಿತ್ತು. ಜ್ವರದಾಗ ಬಡಬಡಿಸಾಕತ್ತೈತಿ ಅಂದ್ವಿ." ಆಮೇಲೆ ಅವನ ಕಡೆ ತಿರುಗಿದಳು. "ನಾ ನಿಮ್ಮನ್ನ ಕೇಳಿದ್ನಲ್ರಿ ಸಾಬ್ರ. ಬಾಯಿಬಿಟ್ಟು ಕೇಳಿದ್ದೆ."

"ಕೇಳಿದ್ರಿ, ಅಮ್ಮಾರ."

"ಸಾಲ್ಯಾಗ ನಿಂತು ನಿನ್ನ ಹೆಸರು ಹೇಳಿ ಹೊಗಳಿದ್ನಲ್ಲೋ ಮಾರಾಯಾ" ಎಂದು ಮಾಸ್ತರರು ಮುಂದೆ ಬಂದರು. ಇನ್ನೇನು ಕೈ ಎತ್ತುತ್ತಾರೆ ಎನ್ನುವಾಗ ಅನ್ನಮ್ಮ ಎದ್ದು ನಿಂತಳು.

"ಹಂಗಾರ ನನ್ನ ಕಷಾಯ ಅಲ್ಲ?"

"ಅಲ್ಲರಿ ಅಕ್ಕಾರ."

"ನನ್ನ ಕಷಾಯ ಅಲ್ಲ?"

"ಅಲ್ಲ. ಆಡುಸೋಗಿ ಗಿಡ ನನ್ನ ನರ್ಸರಿಯಿಂದನ ಒಯ್ದಿದ್ರಿ ನೀವು. ಅದರಿಂದ ಏನೂ ಆಗಿಲ್ಲ ಅಂತ ನನಗ ಅವತ್ತ ಗೊತ್ತಿತ್ತು."

ಮೂರನೆಯ ಸಲವೂ ಕೇಳಿದಳು. ಮೂರನೆಯ ಸಲವೂ ಅವನು ಹೇಳಿದ. ಆಮೇಲೆ ಅವಳು ಸೆರಗಿನಿಂದ ಕೈ ಹೊರಗೆ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಅವನು ಕಾಲಿಗೆ ಬೀಳಲು ಬಗ್ಗಿದ. ಅವಳು ಹಿಂದೆ ಸರಿದಳು.

"ಬೀಳಬ್ಯಾಡ. ಬಿದ್ರ ಎರಡ ವರ್ಷ ತಿರುಗಿ ಬರಂಗಿಲ್ಲ. ಕುಣಿ ತೋಡಿ ಇಟ್ಟಿ, ಅವನ್ನ ಮುಚ್ಚದ ಹೋದ್ರ ಸಣ್ಣ ಕೂಸು ಕಾಲು ಸಿಕ್ಕಿಸಿ ಬೀಳತೈತಿ. ಗಿಡ ಹಚ್ಚಿ ಮುಗಿಸು. ಆಮ್ಯಾಲೆ ಈ ಗೇಟಿನೊಳಗ ಬರಬ್ಯಾಡ ಮಕ್ಬುಲ."

ಅವನು ಉಳಿದ ಗಿಡಗಳನ್ನು ನೆಟ್ಟ. ಒಂದೊಂದಕ್ಕೂ ಮಣ್ಣು ಅದುಮಿ ನೀರು ಹನಿಸಿದ. ಯಾರೂ ಅವನಿಗೆ ಚಹಾ ಕೊಡಲಿಲ್ಲ. ಅದೇ ಸರಿಯೆನ್ನಿಸಿತು ಅವನಿಗೆ. ಕೊನೆಯ ಮದರಂಗಿ ಸಸಿಗೆ ಪಾತಿ ಮಾಡುತ್ತಿದ್ದಾಗ ಲಲಿತಾ ಒಳಗಿನಿಂದ ತಟ್ಟೆ ತಂದಳು. ಒಂದು ಶೇಂಗಾ ಉಂಡಿ ಎತ್ತಿ ಅತ್ತೆಯ ಅಂಗೈಯಲ್ಲಿಟ್ಟಳು. ಅನ್ನಮ್ಮ ಅದನ್ನು ಮೊಮ್ಮಗಳ ಕಡೆ ಚಾಚಿದಳು. ಗವಿಶ್ರೀ ತಾಯಿಯ ಮುಖ ನೋಡಿದಳು.

ಲಲಿತಾ ಅಳುತ್ತಲೇ ಹೂಂ ಎಂದು ತಲೆ ಆಡಿಸಿದಳು.

ಮಕ್ಬುಲಸಾಬ ಸಲಿಕೆ ಹೆಗಲಿಗೆ ಹಾಕಿಕೊಂಡು ಗೇಟು ದಾಟಿ, ಚಿಲಕ ಕೂಸಿನ ಕೈಗೆ ಸಿಗದಷ್ಟು ಮೇಲಿದೆಯೇ ಎಂದು ಇನ್ನೊಮ್ಮೆ ನೋಡಿ, ಹಾಕಿ ಹೊರಟ.

ಹಿಟ್ನಾಳಕ್ಕೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಮುದಿ ಸಾಹೇಬ ಕಟ್ಟಿದ ಜಾಗದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಜೋಹರಾಬಿ ಗಂಡನ ಮುಖ ನೋಡಿದವಳೇ ಕೈಯಲ್ಲಿದ್ದ ನೀರಿನ ಝಾರಿ ಕೆಳಗಿಟ್ಟಳು.

"ಹೇಳಿದ್ರಿ?"

"ಹೇಳಿದೆ."

"ಮಾಫ್ ಮಾಡಿದ್ರೇನು?"

"ಇಲ್ಲ" ಎಂದು ಅವನು ಸಲಿಕೆಯನ್ನು ಗೋಡೆಗೆ ಒರಗಿಸಿದ.

"ಕೂಸು ಆಕಿ ಕೈಯಾಗಿಂದ ತಿಂತು" ಎಂದ.